ಆ ಹುಡುಗಿ ಏನಂದ್ಲು?

ಹೋದ ವರ್ಷ ಭರಣಿ ಮಳೆ ಹಿಡಿದ ಕಾಲ. ನಮ್ಮ ಶ್ರೀರಂಗಪಟ್ಟಣದಲ್ಲಿ ಒಂದು ಗುಡುಗು ಗುಡುಗಿತು ಅಂದರೆ ಕರೆಂಟು ಹೋಯಿತೆಂದೇ ಲೆಕ್ಕ. ಟಿ.ವಿ. ಇಲ್ಲ, ಫ್ಯಾನಿಲ್ಲ, ಮೊಬೈಲಿನಲ್ಲಿ ಚಾರ್ಜಿಲ್ಲ. ನಮ್ಮ ಅತ್ತೆಯವರಿಗೆ ಸಂಜೆಯ ಧಾರಾವಾಹಿ ತಪ್ಪಿದರೆ ಊಟವೇ ರುಚಿಸುವುದಿಲ್ಲ. “ಏನಾರ ಓದವ್ವ, ಕೇಳ್ತಾ ಕುಂತಿರ್ತೀನಿ” ಅಂದರು. ಅವರಿಗೆ ಅಕ್ಷರ ಬಾರದು. ಆದರೆ ಒಮ್ಮೆ ಕೇಳಿದ ಕತೆಯನ್ನು ಹತ್ತು ವರ್ಷ ಬಿಟ್ಟು ಕೇಳಿದರೂ ಒಂದು ಎಳೆ ಬಿಡದೆ ಹೇಳುತ್ತಾರೆ.

ಮೈಸೂರಿನಲ್ಲಿ ಬಿ.ಕಾಂ. ಓದುತ್ತಿದ್ದ ನನ್ನ ಮಗಳು ಆಗತಾನೆ ಒಂದು ಪುಸ್ತಕ ತಂದಿಟ್ಟಿದ್ದಳು. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’. ಚಾರ್ಜಿನ ದೀಪ ಹಚ್ಚಿಕೊಂಡು ಅದನ್ನೇ ಓದಲು ಶುರುಮಾಡಿದೆ. ದಿನಕ್ಕೆ ಇಷ್ಟಿಷ್ಟು. ಕರೆಂಟು ಬಂದರೂ ಅತ್ತೆ ಟಿ.ವಿ. ಹಾಕಗೊಡಿಸಲಿಲ್ಲ. “ಅದಿರ್ಲಿ, ಆ ಸತ್ತವನ್ನ ಯಾರು ಸಾಯಿಸಿದ್ದು ನೋಡು ಮೊದ್ಲು” ಅನ್ನುವರು.

ಆದರೆ ಅತ್ತೆಯವರು ಇನ್ನೊಂದು ಪ್ರಶ್ನೆಯನ್ನೂ ಹಿಡಿದುಕೊಂಡರು. ಕತೆಯಲ್ಲಿ ಒಬ್ಬ ಹುಡುಗಿ ಬರುತ್ತಾಳೆ, ಜಯಂತಿ ಅಂತ. ಅವಳ ಮಾತು ಬಂದಾಗಲೆಲ್ಲ ಅತ್ತೆ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, “ಅಲ್ಲ ಕಣವ್ವ, ಆ ಹುಡುಗಿ ಏನಂದ್ಲು?” ಎಂದು ಕೇಳುವರು. ನಾನು ಹಿಂದಿನ ಪುಟ ತಿರುವುವೆ, ಮುಂದಿನ ಪುಟ ತಿರುವುವೆ. ಅವರಿಗೆ ಒಪ್ಪಿಗೆಯಾಗುವ ಉತ್ತರ ನನಗೆ ಸಿಕ್ಕಲಿಲ್ಲ. ಈ ಒಂದು ಪ್ರಶ್ನೆ ಆಮೇಲೆ ನಾಲ್ಕು ಊರು ತಿರುಗಿತು. ಕಡೆಗೆ ನಮ್ಮ ಮನೆಯ ಪಡಸಾಲೆಗೇ ಬಂದು ಕುಳಿತಿತು. ಅದನ್ನು ಹೇಳೋಣವೆಂದೇ ಈ ನಾಲ್ಕು ಮಾತು.

ಕತೆ ಏನು?

ಓದದೆ ಇರುವ ಸೋದರಿಯರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಹೆದರಬೇಡಿ, ರಹಸ್ಯ ಬಿಚ್ಚುವುದಿಲ್ಲ. ಮಲೆನಾಡಿನಲ್ಲಿ ಕೆಸರೂರು ಅಂತ ಒಂದು ಊರು. ಏಲಕ್ಕಿಯೇ ಆ ಸೀಮೆಯ ಬದುಕು. ಆ ಏಲಕ್ಕಿ ಬೆಳೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ. ಏಲಕ್ಕಿಯ ಮೇಲೆ ಸಂಶೋಧನೆ ಮಾಡುತ್ತಿದ್ದ ಜೋಗಿಹಾಳ್ ಎಂಬ ವಿಜ್ಞಾನಿ ಅನುಮಾನ ಬರುವ ಹಾಗೆ ಸತ್ತಿದ್ದಾರೆ. ಇದರ ಹಿಂದೆ ಏನಿದೆ ಎಂದು ಪತ್ತೆ ಮಾಡಲು ಅಂಗಡಿ ಎಂಬ ಅಧಿಕಾರಿ ಬರುತ್ತಾರೆ. ಅವರು ಹುಡುಕುತ್ತಾ ಹೋದಂತೆ ಊರಿನ ಜಾತಿ ಜಗಳ, ಮತದ ಜಗಳ, ಕಳ್ಳತನ, ಕ್ರಾಂತಿ ಮಾಡುತ್ತೇವೆಂದು ಹೊರಟ ಹುಡುಗರು ಎಲ್ಲವೂ ಒಂದೊಂದಾಗಿ ಮೇಲೆ ಬರುತ್ತವೆ. ಇದರ ನಡುವೆ ಮುಸಲ್ಮಾನರ ಹುಡುಗ ರಫಿ, ಹಿಂದೂ ಹುಡುಗಿ ಜಯಂತಿ, ಇವರಿಬ್ಬರ ಪ್ರೀತಿ.

ಈ ಕಾದಂಬರಿ ಬಂದದ್ದು 1985ರಲ್ಲಿ. 1987ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂತು. ತೇಜಸ್ವಿಯವರು ಕುವೆಂಪು ಅವರ ಮಗ ಎಂಬುದು ಎಲ್ಲರಿಗೂ ಗೊತ್ತು. 1938ರಲ್ಲಿ ಕುಪ್ಪಳಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಮೂಡಿಗೆರೆಯ ಕಡೆ ತೋಟ ಮಾಡಿಕೊಂಡು ನೆಲೆನಿಂತರು. ಹಕ್ಕಿಗಳ ಫೋಟೋ ತೆಗೆಯುವುದು, ಮೀನು ಹಿಡಿಯುವುದು, ಕಾಡು ಅಲೆಯುವುದು ಅವರಿಗೆ ಬರವಣಿಗೆಯಷ್ಟೇ ಇಷ್ಟ. 2007ರ ಏಪ್ರಿಲಿನಲ್ಲಿ ಅಲ್ಲೇ ತೀರಿಕೊಂಡರು.

‘ಚಿದಂಬರ ರಹಸ್ಯ’ ಎಂಬ ಮಾತು ನಮ್ಮ ಮನೆಮನೆಗಳಲ್ಲೂ ಇದೆ. ಚಿದಂಬರದ ನಟರಾಜನ ದೇವಸ್ಥಾನದಲ್ಲಿ ಒಂದು ಪರದೆ ಸರಿಸಿ ತೋರಿಸುತ್ತಾರೆ. ಒಳಗೆ ಮೂರ್ತಿಯಿಲ್ಲ, ಬರೀ ಬಯಲು, ಅದರ ಮುಂದೆ ತೂಗುವ ಚಿನ್ನದ ಬಿಲ್ವಪತ್ರೆಯ ಸರ. ಈ ಪರದೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪುಸ್ತಕ ಊರೂರು ಸುತ್ತಿದ್ದು

ನಾವು ಓದಿ ಮುಗಿಸುವ ಹೊತ್ತಿಗೆ ಪಾಂಡವಪುರದಿಂದ ನನ್ನ ನಾದಿನಿ ಬಂದಿದ್ದಳು. ಅಮ್ಮ ಅಷ್ಟು ಹೊಗಳುವ ಪುಸ್ತಕ ಯಾವುದು ನೋಡೋಣವೆಂದು ಬ್ಯಾಗಿಗೆ ಹಾಕಿಕೊಂಡು ಹೋದಳು. ಅವಳಿಂದ ಅದು ಕೆ.ಆರ್. ಪೇಟೆಯಲ್ಲಿರುವ ನನ್ನ ದೊಡ್ಡಮ್ಮನ ಮಗಳಿಗೆ ಹೋಯಿತು. ಅಲ್ಲಿಂದ ನಾಗಮಂಗಲದ ನನ್ನ ಓರಗಿತ್ತಿಗೆ. ವಾಪಸು ಬರುವಾಗ ರಟ್ಟು ಕಿತ್ತು, ಒಂದು ಪುಟಕ್ಕೆ ಕಾಫಿ ಚೆಲ್ಲಿ, ಇನ್ನೊಂದರಲ್ಲಿ ಹೊಲಿಗೆಯ ದಾರ ಸಿಕ್ಕಿಕೊಂಡಿತ್ತು. ಮಗಳು ಸ್ವಲ್ಪ ಮುಖ ಊದಿಸಿಕೊಂಡಳು. ನನಗೇನೋ ಅದು ಪುಸ್ತಕಕ್ಕೆ ಆದ ಮರ್ಯಾದೆ ಅಂತಲೇ ಅನ್ನಿಸಿತು.

ಓದು ಬರಹವೆಂದರೆ ಬೆಂಗಳೂರು, ಧಾರವಾಡದವರದು ಅಂದುಕೊಳ್ಳಬೇಡಿ. ಬಿ.ಎಂ. ಶ್ರೀಕಂಠಯ್ಯನವರ ಮನೆತನದ ಬೆಳ್ಳೂರು ನಾಗಮಂಗಲ ತಾಲ್ಲೂಕಿನದು. ಪು.ತಿ. ನರಸಿಂಹಾಚಾರ್ ಅವರ ಮೇಲುಕೋಟೆ ಪಾಂಡವಪುರ ತಾಲ್ಲೂಕಿನದು. ‘ಮೈಸೂರು ಮಲ್ಲಿಗೆ’ ಬರೆದ ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ ಕೆ.ಆರ್. ಪೇಟೆಗೆ ಸೇರಿದ್ದು. ‘ಶುಭಮಂಗಳ’ದ ವಾಣಿಯವರು ನಮ್ಮ ಶ್ರೀರಂಗಪಟ್ಟಣದವರೇ. ಹಾಗಿರುವಾಗ ಒಂದು ಪುಸ್ತಕದ ಬಗ್ಗೆ ನಾಲ್ಕು ಮಾತಾಡುವ ಹಕ್ಕು ನಮಗೂ ಇದೆ ಅಲ್ಲವೆ?

ಪತ್ತೇದಾರಿ ಕತೆಯೂ ನಮಗೆ ಹೊಸದಲ್ಲ. ನಮ್ಮ ತಾಯಿ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟುಕೊಂಡು ಓದುತ್ತಿದ್ದರಂತೆ. ಪತ್ತೇದಾರಿ ಕಾದಂಬರಿಗಳನ್ನು ಬರೆದ ಮ. ರಾಮಮೂರ್ತಿಯವರೇ ನಮ್ಮ ಹಳದಿ ಕೆಂಪು ಕನ್ನಡ ಬಾವುಟವನ್ನೂ ಕೊಟ್ಟವರು. ಆ ಪುಸ್ತಕಗಳಲ್ಲಿ ಕಳ್ಳ ಸಿಕ್ಕಿದರೆ ಕತೆ ಮುಗಿಯಿತು. ತೇಜಸ್ವಿಯವರದು ಹಾಗಲ್ಲ. ಇಲ್ಲಿ ಕಳ್ಳನನ್ನು ಹುಡುಕುತ್ತಾ ಹೋದರೆ ಇಡೀ ಊರೇ ಸಿಕ್ಕಿಬೀಳುತ್ತದೆ.

ಮೊದಲು ಹೊಗಳಿಕೆ

ಗೌರಿಹಬ್ಬಕ್ಕೆ ನಾದಿನಿ ಬಾಗಿನಕ್ಕೆಂದು ತವರಿಗೆ ಬಂದಳು. ಓರಗಿತ್ತಿ ಮಕ್ಕಳೊಂದಿಗೆ ಬಂದಳು. ಕೆ.ಆರ್. ಪೇಟೆಯ ಅಕ್ಕ ಮೈಸೂರಿಗೆ ಕಣ್ಣು ತೋರಿಸಲು ಬಂದವಳು, “ಹಬ್ಬ ಮುಗಿಸ್ಕೊಂಡೇ ಹೋಗ್ತೀನಿ ಬಿಡೇ” ಎಂದು ಉಳಿದಳು. ಮಾರನೆಯ ದಿನದ ಗಣೇಶನಿಗೆ ಕಡುಬು ಮಾಡಬೇಕು. ಒಬ್ಬರು ಕಾಯಿ ತುರಿಯುತ್ತಾ, ಒಬ್ಬರು ಬೆಲ್ಲ ಕುಟ್ಟುತ್ತಾ ಕೂತೆವು. ನಾನು ಏಲಕ್ಕಿ ಬಿಡಿಸುತ್ತಿದ್ದೆ. ಸಿಪ್ಪೆಯನ್ನು ಟೀ ಪುಡಿಯ ಡಬ್ಬಕ್ಕೆ ಹಾಕುವುದು ನನ್ನ ಅಭ್ಯಾಸ, ಘಮ ಅದರಲ್ಲೂ ಇರುತ್ತದೆ. ಅದನ್ನು ನೋಡಿ ಅಕ್ಕ, “ಕೆಸರೂರಿನವರು ಕಂಡ್ರೆ ನಿನ್ನ ಹೊಗಳ್ತಿದ್ರು” ಅಂದಳು. ಮಾತು ಹತ್ತಿಕೊಂಡಿದ್ದು ಅಲ್ಲಿಂದಲೇ.

ಅಕ್ಕ ಹುಟ್ಟಿ ಬೆಳೆದದ್ದು ಸಕಲೇಶಪುರದ ಕಡೆ. ಏಲಕ್ಕಿಯ ವಿಚಾರದಲ್ಲಿ ಅವಳ ಮುಂದೆ ಯಾರೂ ಸುಳ್ಳು ಹೇಳುವ ಹಾಗಿಲ್ಲ. “ಬಯಲುಸೀಮೆಯವರು ಏಲಕ್ಕಿ ಗಿಡದ ತುದೀಲಿ ಬಿಡುತ್ತೆ ಅಂದ್ಕೊಂಡಿರ್ತಾರೆ. ಅದು ಬಿಡೋದು ಬುಡದಲ್ಲಿ, ನೆಲದ ಮೇಲೆ ಮಲಗಿರೋ ಗೊಂಚಲಲ್ಲಿ. ಹೆಂಗಸರು ಬಗ್ಗಿ ಬಗ್ಗಿ ಕೀಳಬೇಕು. ಎಲ್ಲ ಒಂದೇ ಸಲ ಬಲಿಯಲ್ಲ, ಹತ್ರ ಹತ್ರ ತಿಂಗಳಿಗೊಂದು ಸಲ ಕುಯ್ಲು. ಅದನ್ನ ಬಿಸಿಗೂಡಲ್ಲಿ ಒಣಗಿಸಿದ್ರೆ 5 ಕಿಲೋ ಹಸಿಕಾಯಿಗೆ 1 ಕಿಲೋ ಉಳಿಯುತ್ತೆ” ಎಂದು ವಿವರಿಸಿದಳು. ಅವಳ ತವರಿನ ತೋಟಕ್ಕೆ ಬಂದಿದ್ದ ಕಟ್ಟೆ ರೋಗದ ಕತೆಯನ್ನೂ ಹೇಳಿದಳು. ಎಲೆಯ ಮೇಲೆ ತಿಳಿ ಹಸಿರಿನ ಗೀರುಗಳು ಬರುತ್ತವೆ, ಗಿಡ ಕುಗ್ಗುತ್ತಾ ಹೋಗುತ್ತದೆ. ಗಿಡಹೇನು ಅದನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಅಂಟಿಸುತ್ತದೆ. ಮದ್ದಿಲ್ಲ. ಕಂಡ ಕೂಡಲೇ ಕಿತ್ತು ಹಾಕುವುದೊಂದೇ ದಾರಿ. “ನಮ್ಮಪ್ಪ ಗಿಡ ಕೀಳಿಸಿದ ದಿನ ಮನೇಲಿ ಒಲೆ ಹಚ್ಚಲಿಲ್ಲ ಕಣೇ. ಏಲಕ್ಕಿ ಹೋದ್ರೆ ಊರು ಹೆಂಗೆ ಹಾಳಾಗುತ್ತೆ ಅಂತ ಈ ಪುಸ್ತಕ ಓದೋವಾಗ ಆ ದಿನ ಕಣ್ಣಿಗೆ ಕಟ್ತು. ಆ ಮನುಷ್ಯ ತೋಟದಲ್ಲಿ ನಿಂತು ನೋಡಿ ಬರ್ದಿದಾರೆ.”

ಪಾಂಡವಪುರದ ನಾದಿನಿಯ ಮನೆಯಲ್ಲಿ ಕಬ್ಬು, ಆಲೆಮನೆ. ಅವಳು ಹೇಳಿದ್ದು ಕೇಳಿ: “ಅತ್ತಿಗೆ, ಒಂದು ಧಾರಾವಾಹೀಲಿ ನಾಯಕಿ ಆಲೆಮನೆಗೆ ಹೋಗಿ ಕೊಪ್ಪರಿಗೆಯಿಂದ ಇಳಿಸಿದ ಪಾಕನ ಬರಿಗೈಲಿ ತೆಗ್ದು ತಿಂತಾಳೆ! ಆ ಪಾಕ ಒಂದು ತೊಟ್ಟು ಬಿದ್ರೆ ಚರ್ಮ ಎದ್ದು ಬರುತ್ತೆ. ಅವತ್ತಿಂದ ಆ ಧಾರಾವಾಹಿ ನೋಡೋದೇ ಬಿಟ್ಟೆ. ಗೊತ್ತಿಲ್ದೆ ಬರ್ಯೋರ ಮೇಲೆ ನಂಬಿಕೆ ಹೋಗುತ್ತೆ. ಈ ಪುಸ್ತಕದಲ್ಲಿ ಅಂಥದು ಒಂದೂ ನನಗೆ ಸಿಕ್ಕಲಿಲ್ಲ.”

ಹೀಗೆ ಎಲ್ಲರೂ ಒಂದು ಮಾತು ಒಪ್ಪಿದೆವು. ಬೆಳೆ, ಕಾಡು, ಊರಿನ ರಾಜಕೀಯ, ಕಛೇರಿಯ ಕೆಲಸ ಇವನ್ನೆಲ್ಲ ಇಷ್ಟು ತಿಳಿದು, ನಗಿಸುತ್ತಲೇ ಹೆದರಿಸುವ ಹಾಗೆ ಬರೆದ ರಹಸ್ಯದ ಕತೆ ಕನ್ನಡದಲ್ಲಿ ಕಡಿಮೆ.

ಜಯಂತಿಯ ಮಾತು ಬಂದಾಗ

ಆಗ ಮೂಲೆಯಲ್ಲಿ ಕೂತು ಎಳ್ಳು ಆರಿಸುತ್ತಿದ್ದ ಅತ್ತೆ, “ಎಲ್ಲ ಸರಿ, ಆ ಹುಡುಗಿ ಏನಂದ್ಲು ಅಂತ ನಿಮಗ್ಯಾರಿಗಾರ ತಿಳೀತಾ?” ಅಂದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

ಮೊದಲು ನಾದಿನಿ ನಕ್ಕಳು. “ಪುಸ್ತಕದ ಹೆಸರು ಅವಳಿಗೇ ಒಪ್ಪುತ್ತೆ ಬಿಡಮ್ಮ. ಎಲ್ಲರ ಪರದೆ ಸರಿಸಿದ್ರೂ ಒಳಗೆ ಒಬ್ಬ ಮನುಷ್ಯ ಇದ್ದ. ಜಯಂತಿ ಪರದೆ ಸರಿಸಿದ್ರೆ ಬರೀ ಬಯಲು!”

ಅಕ್ಕನಿಗೆ ಅದು ನಗುವ ಮಾತಾಗಿರಲಿಲ್ಲ. “ಮಲೆನಾಡಿನ ಹೆಣ್ಣುಮಗಳು ಅಂದ್ರೆ ಅವಳ ಕೈಗೆ ಏಲಕ್ಕಿ ವಾಸನೆ ಇರಬೇಕು. ಆಳುಗಳ ಊಟ, ಮಳೆಗಾಲದ ಸೌದೆ, ಈ ಸಲ ರೇಟು ಎಷ್ಟು ಎಲ್ಲ ಅವಳಿಗೆ ಗೊತ್ತಿರುತ್ತೆ. ಇವಳ ಕೈಗೆ ನನಗೆ ವಾಸನೆ ಬರಲಿಲ್ಲ. ಇನ್ನು ಪ್ರೀತಿ ವಿಷಯ. ಅಂಥ ಸಣ್ಣ ಊರಲ್ಲಿ ಬೇರೆ ಮತದ ಹುಡುಗನ ಮೇಲೆ ಮನಸ್ಸು ಹೋದ್ರೆ ಹೆಣ್ಣಿಗೆ ಮೊದಲು ಬರೋ ಭಯ ಯಾವ್ದು? ಊರಲ್ಲಿ ಗಲಾಟೆ ಆಗುತ್ತೆ ಅನ್ನೋದಲ್ಲ. ಅಮ್ಮನ ಮುಖ ಹೆಂಗೆ ನೋಡ್ಲಿ, ತಂಗಿ ಮದುವೆ ಹೆಂಗೆ ನಡೆಯುತ್ತೆ ಅನ್ನೋದು. ರಾತ್ರಿ ನಿದ್ದೆ ಬರಲ್ಲ. ಅಂಥ ಒಂದು ರಾತ್ರೀನ ನಾನು ಹುಡುಕ್ತಾ ಇದ್ದೆ.”

ಅಷ್ಟು ಹೊತ್ತಿಗೆ ನಮ್ಮ ಪಕ್ಕದ ಮನೆಯ ಬೂಬಮ್ಮನವರು ಹಬ್ಬದ ಹಾಲು ತಂದುಕೊಟ್ಟು ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತು ವರ್ಷದಿಂದ ನಮಗೂ ಅವರಿಗೂ ಹಾಲು, ಸಕ್ಕರೆ, ವಾರಪತ್ರಿಕೆ ಎಲ್ಲದರ ಕೊಡುಕೊಳ್ಳುವಿಕೆ ಇದೆ. ಈ ಪುಸ್ತಕವನ್ನೂ ಅವರು ಎರಡೇ ದಿನದಲ್ಲಿ ಓದಿ ಕೊಟ್ಟಿದ್ದರು. ಅವರು ಹೇಳಿದ ಮಾತು ನಮ್ಮ ಯಾರಿಗೂ ಹೊಳೆದಿರಲಿಲ್ಲ. “ನಾನು ಬೇರೇನೇ ಯೋಚನೆ ಮಾಡ್ದೆ ಅಕ್ಕ. ಆ ಹುಡುಗಿ ಒಂದು ವೇಳೆ ನಮ್ಮಂಥೋರ ಮನೆಗೆ ಸೊಸೆಯಾಗಿ ಬಂದ್ರೆ, ಮೊದಲ್ನೇ ದಿನ ಅಡಿಗೆಮನೇಲಿ ನಿಂತು ಏನ್ಮಾಡ್ತಾಳೆ? ಅವಳಿಗೆ ಏನು ಬಡಿಸ್ಬೇಕು? ಅವಳು ಯಾವುದನ್ನ ಬಿಟ್ಟು ಬರ್ತಿದಾಳೆ ಅಂತ ಅವಳಿಗೇ ಗೊತ್ತಿದೆಯಾ? ಅದನ್ನ ಯೋಚನೆ ಮಾಡದೆ ಯಾವ ಹುಡುಗೀನೂ ಮನೆ ಬಿಡಲ್ಲ.”

ಪೇಪರು ಓದುತ್ತಿದ್ದ ನಮ್ಮೆಜಮಾನರಿಗೆ ಸುಮ್ಮನಿರಲು ಆಗಲಿಲ್ಲ. “ನೀವು ಹೆಂಗಸರು ಎಲ್ಲಾ ಪುಸ್ತಕದಲ್ಲೂ ಸಂಸಾರಾನೇ ಹುಡುಕ್ತೀರಿ. ಅದು ಒಬ್ಬಳ ಕತೆಯಲ್ಲ, ಊರಿನ ಕತೆ. ಆ ಅಂಗಡಿ ಮನಸ್ಸನ್ನಾದ್ರೂ ಪೂರ್ತಿ ಬಿಚ್ಚಿದಾರಾ? ಒಬ್ಬೊಬ್ಬರ ಹೊಟ್ಟೆಯೊಳಕ್ಕೂ ಹೋಗ್ತಾ ಕೂತ್ರೆ ರಹಸ್ಯ ಬಿಡಿಸೋರ್ಯಾರು?” ಎಂದರು. ಈ ಮಾತಿನಲ್ಲೂ ನ್ಯಾಯವಿದೆ. ಅಲ್ಲಿ ನಿಜವಾದ ನಾಯಕ ಕೆಸರೂರೇ. ಆದರೆ ಅಕ್ಕ ಬಿಡಲಿಲ್ಲ. “ಹಂಗಾದ್ರೆ ಅವಳ ಸಲುವಾಗಿ ಊರಿಗೆ ಊರೇ ಯಾಕೆ ಬಡಿದಾಡಬೇಕು ಭಾವ? ಯಾರಿಗೋಸ್ಕರ ಜಗಳ ಅಂತ ತೋರಿಸಿದ ಮೇಲೆ ಆ ಯಾರು ಅನ್ನೋದೂ ಕಾಣಬೇಕಲ್ಲ” ಅಂದಳು. ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಓರಗಿತ್ತಿಯ ಮಾತು

ನಾಗಮಂಗಲದ ನನ್ನ ಓರಗಿತ್ತಿ ಕಡಿಮೆ ಮಾತಿನವಳು. ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಪುಸ್ತಕದಲ್ಲಿ ದಾರ ಬಿಟ್ಟಿದ್ದವಳು ಅವಳೇ. ಎಲ್ಲರದೂ ಮುಗಿದ ಮೇಲೆ ಮೆಲ್ಲಗೆ ಹೇಳಿದಳು:

“ನನಗೆ ಅವಳು ಸುಳ್ಳು ಅನ್ನಿಸಲಿಲ್ಲ ಅಕ್ಕ. ನನ್ನನ್ನ ನೋಡೋಕೆ ಬಂದ ದಿನ ನೆನಪಿದೆಯಾ? ನೀವೂ ಬಂದಿದ್ರಿ. ನಾನು ಕಾಫಿ ತಂದೆ, ನಮಸ್ಕಾರ ಮಾಡ್ದೆ, ಒಳಗೆ ಹೋದೆ. ಅಷ್ಟೇ. ಹುಡುಗಿ ಒಪ್ಪಿದಾಳೆ ಅಂತ ಒಳಗಿಂದ ನಮ್ಮತ್ತೆ ಹೇಳಿ ಕಳಿಸಿದ್ರು. ನನ್ನ ಯಾರೂ ಕೇಳ್ಲೇ ಇಲ್ಲ. ಆ ದಿನದ ಕತೆ ಯಾರಾದ್ರೂ ಬರೆದಿದ್ರೆ ನಾನೂ ಜಯಂತಿ ಹಂಗೇ ಕಾಣ್ತಿದ್ದೆ. ಸೀರೆ ಇದೆ, ಮಾತಿಲ್ಲ.”

ಸ್ವಲ್ಪ ತಡೆದು, “ಆದ್ರೆ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಾಗ ನನ್ನ ತಲೇಲಿ ಏನೇನು ಓಡ್ತಾ ಇತ್ತು! ಅರ್ಧ ಹೊಲಿದ ಲಂಗ, ಟೈಲರಿಂಗ್ ಪರೀಕ್ಷೆ, ಅಮ್ಮನ ಮಂಡಿನೋವು... ಬರೀಬೇಕಾಗಿದ್ದು ಅದು. ಮಾತಾಡದ ಹುಡುಗಿ ನಿಜ. ಒಳಗೆ ಏನೂ ಇಲ್ಲದ ಹುಡುಗಿ ಇಲ್ಲ” ಅಂದಳು.

ನನ್ನ ಕೈಯಲ್ಲಿದ್ದ ಏಲಕ್ಕಿ ಕೈಯಲ್ಲೇ ಉಳಿಯಿತು. ಅವಳು ಮದುವೆಯಾಗಿ ಬಂದು ಹನ್ನೆರಡು ವರ್ಷ. ಟೈಲರಿಂಗ್ ಪರೀಕ್ಷೆಗೆ ಕಟ್ಟಿದ್ದಳೆಂಬುದು ನನಗೆ ತಿಳಿದದ್ದು ಆ ದಿನ.

ಬರೆಯಲು ಬಾರದವರೇ?

ತೇಜಸ್ವಿಯವರಿಗೆ ಹೆಂಗಸರನ್ನು ಬರೆಯಲು ಬರುತ್ತಿರಲಿಲ್ಲ ಎಂದು ನಾವು ಹೇಳುತ್ತಿಲ್ಲ. ‘ಚಿದಂಬರ ರಹಸ್ಯ’ ಬಂದ ಆರು ವರ್ಷಕ್ಕೆ, 1991ರಲ್ಲಿ, ಅದೇ ಕೈ ‘ಕಿರಗೂರಿನ ಗಯ್ಯಾಳಿಗಳು’ ಬರೆಯಿತು. ಕುಡಿದು ಕಚ್ಚಾಡುವ ಗಂಡಸರನ್ನು ಊರಿನ ಹೆಂಗಸರೇ ಎದ್ದು ನಿಂತು ದಾರಿಗೆ ತರುವ ಕತೆ. ಅದರ ದಾನಮ್ಮನನ್ನು ಓದಿದರೆ ಸಂತೆಯಲ್ಲಿ ಕಂಡವಳ ಹಾಗಿರುತ್ತಾಳೆ. ಅವಳು ಬಾಯಿ ಬಿಟ್ಟರೆ ನಮ್ಮ ಬೀದಿಯ ನಲ್ಲಿ ಹತ್ತಿರ ನಿಂತ ಹಾಗೆ ಕೇಳುತ್ತದೆ. 2016ರಲ್ಲಿ ಅದು ಸಿನಿಮಾ ಆಗಿಯೂ ಬಂತು. ಅದನ್ನು ಓದಿದವರಿಗೇ ಜಯಂತಿಯ ಕೊರತೆ ಹೆಚ್ಚು ಕಾಣುವುದು.

ಇನ್ನೊಂದು ಕಡೆ ನಮ್ಮ ಜಿಲ್ಲೆಯ ತ್ರಿವೇಣಿಯವರನ್ನು ನೆನೆಸಿಕೊಳ್ಳಿ. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು, ಬಿ.ಎಂ.ಶ್ರೀ ಅವರ ತಮ್ಮನ ಮಗಳು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದರು. 1963ರಲ್ಲಿ, ವಯಸ್ಸು 35 ತುಂಬುವ ಮುಂಚೆಯೇ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಅವರ ‘ಶರಪಂಜರ’ದಲ್ಲಿ ಕೊಲೆಯಿಲ್ಲ, ಪೊಲೀಸಿಲ್ಲ. ಬಾಣಂತನದಲ್ಲಿ ಮನಸ್ಸು ಕೆಟ್ಟು, ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ. ಅವಳೊಳಗೆ ಏನು ನಡೆಯುತ್ತಿದೆ ಎಂಬುದೇ ಅಲ್ಲಿನ ರಹಸ್ಯ. ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಆ ಪಾತ್ರ ಮಾಡಿದರು. ಇವತ್ತಿಗೂ ನಮ್ಮ ಕಡೆ ಬಾಣಂತಿ ಸ್ವಲ್ಪ ಮಂಕಾದರೆ, “ಕಾವೇರಿ ಹಂಗಾದೀಯೆ, ಮನಸ್ಸಲ್ಲಿರೋದು ಹೇಳು” ಅನ್ನುವ ದೊಡ್ಡವರಿದ್ದಾರೆ. ಒಂದು ಪುಸ್ತಕಕ್ಕೆ ಇದಕ್ಕಿಂತ ಬಹುಮಾನ ಬೇಕೆ?

ನಮ್ಮ ಹಬ್ಬದ ಹರಟೆಯಿಂದ ನನಗೆ ತಿಳಿದದ್ದು ಇಷ್ಟು. ಏಲಕ್ಕಿಯ ಬಗ್ಗೆ ಬರೆಯಬೇಕಾದರೆ ತೋಟಕ್ಕೆ ಹೋಗಿ ನೋಡಬೇಕು, ಬೆಳೆದವರನ್ನು ಕೇಳಬೇಕು. ಹೆಣ್ಣಿನ ಬಗ್ಗೆ ಬರೆಯುವುದಕ್ಕೂ ಅಷ್ಟೇ ವಿಚಾರಣೆ ಬೇಕು. ಅವಳ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ ಅಂದುಕೊಂಡರೆ ಎಂಥಾ ದೊಡ್ಡ ಬರಹಗಾರರಿಗೂ ಕೈ ತಪ್ಪುತ್ತದೆ.

ಮಗಳ ಪ್ರಶ್ನೆ

ಇಲ್ಲಿಗೆ ಮುಗಿಸಿದ್ದರೆ ನಾನು ಬಹಳ ಬುದ್ಧಿವಂತೆ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ನಡೆದದ್ದನ್ನು ನಡೆದ ಹಾಗೇ ಹೇಳಬೇಕು.

ಆ ಹಬ್ಬದ ಮುಂಚೆಯೇ ಮಗಳಿಗೆ ಒಂದು ಸಂಬಂಧ ಬಂದಿತ್ತು. ಒಳ್ಳೆಯ ಮನೆತನ, ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ. ಫೋಟೋ ಕೊಟ್ಟಿದ್ದೆವು, ಜಾತಕ ಕೂಡಿತ್ತು. ಹಬ್ಬ ಕಳೆದ ವಾರಕ್ಕೆ ನೋಡಲು ಬರುವುದೆಂದು ಮಾತಾಗಿತ್ತು. ಇದೆಲ್ಲ ಅಡಿಗೆಮನೆಯಲ್ಲಿ, ಪಡಸಾಲೆಯಲ್ಲಿ, ಫೋನಿನಲ್ಲಿ ಅವಳ ಎದುರಿಗೇ ನಡೆದಿತ್ತು. ಅವಳಿಗೆ ಗೊತ್ತಿದೆಯಲ್ಲ ಎಂದು ನಾನು ತಿಳಿದಿದ್ದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಪಾತ್ರೆ ತೊಳೆಯುತ್ತಿದ್ದೆ. ಮಗಳು ಒರೆಸಿ ಇಡುತ್ತಿದ್ದಳು. ಇದ್ದಕ್ಕಿದ್ದಂತೆ, “ಅಮ್ಮ, ಬೆಳಗ್ಗೆಯಿಂದ ಎಲ್ಲರೂ ಸೇರಿ ಜಯಂತಿ ಏನಂದ್ಲು, ಏನಂದ್ಲು ಅಂತ ಅಷ್ಟು ಕೇಳಿದ್ರಿ. ನನ್ನ ಒಂದು ಸಲ ಕೇಳಿದ್ರಾ?” ಅಂದಳು.

ಜಗಳದ ಧ್ವನಿಯಲ್ಲ. ಸಾರಿಗೆ ಉಪ್ಪು ಹಾಕಿದ್ರಾ ಅಂತ ಕೇಳುವ ಹಾಗೆ ಕೇಳಿದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾನು ಎಸ್.ಎಸ್.ಎಲ್.ಸಿ. ಪಾಸು ಮಾಡಿ, ಹತ್ತೊಂಬತ್ತಕ್ಕೆ ಈ ಮನೆಗೆ ಬಂದವಳು. ನನ್ನನ್ನೂ ಯಾರೂ ಕೇಳಿರಲಿಲ್ಲ. ಕೇಳದೆ ಹೋದದ್ದು ತಪ್ಪು ಎಂದೂ ನನಗೆ ಆಗ ಅನ್ನಿಸಿರಲಿಲ್ಲ. ಒಳ್ಳೆಯ ಗಂಡ, ಒಳ್ಳೆಯ ಅತ್ತೆ ಸಿಕ್ಕಿದರು, ಅದು ನನ್ನ ಅದೃಷ್ಟ. ಅದೃಷ್ಟವನ್ನೇ ಪದ್ಧತಿ ಅಂದುಕೊಂಡುಬಿಟ್ಟಿದ್ದೆನೇನೋ.

ಕೈ ಒರೆಸಿಕೊಂಡು ಅಲ್ಲೇ ಮಣೆಯ ಮೇಲೆ ಕೂತು, “ಈಗ ಕೇಳ್ತೀನಿ, ಹೇಳು” ಅಂದೆ. ಬೇರೆ ಯಾರ ಮೇಲೂ ಮನಸ್ಸಿಲ್ಲ, ಮದುವೆಯೇ ಬೇಡ ಅಂತಲೂ ಅಲ್ಲ. ಡಿಗ್ರಿ ಮುಗಿಸಿ ಬಿ.ಎಡ್. ಮಾಡಬೇಕು, ಒಂದು ವರ್ಷವಾದರೂ ತನ್ನ ಸಂಬಳ ತಾನು ಎಣಿಸಬೇಕು, ಆಮೇಲೆ ನೋಡೋಣ. ಇಷ್ಟೇ ಅವಳ ಮಾತು. ಇಷ್ಟು ಹೇಳಲು ಅವಳಿಗೆ ಒಂದು ಗಂಟೆ ಹಿಡಿಯಿತು, ನಡುವೆ ಎರಡು ಸಲ ಅತ್ತಳು. ನಾಲ್ಕು ಊರಿನಲ್ಲಿ ಕುಳಿತು ಪುಸ್ತಕದ ಹುಡುಗಿಯ ಮನಸ್ಸು ತಿಳಿಯಲಿಲ್ಲವೆಂದು ದೂರಿದವರು ನಾವು. ಒಂದೇ ಒಲೆಯ ಹತ್ತಿರ ಇಪ್ಪತ್ತು ವರ್ಷ ನಿಂತ ಹುಡುಗಿಯ ಮನಸ್ಸು ನನಗೆ ಆ ರಾತ್ರಿ ತಿಳಿಯಿತು.

ಮಾರನೆಯ ದಿನ ಅವಳಪ್ಪನ ಹತ್ತಿರ ಅವಳನ್ನೇ ಮಾತಾಡಲು ಬಿಟ್ಟೆ. ನಾನು ಪಕ್ಕದಲ್ಲಿ ನಿಂತಿದ್ದೆ. ಅವರಿಗೆ ಮೊದಲು ಸಿಟ್ಟು ಬಂತು. ಜಾತಕ ಕೂಡಿದ ಮೇಲೆ ಹೇಗೆ ಬೇಡವೆನ್ನುವುದು, ಜನ ಏನಂದಾರು ಅಂದರು. ಆಗ ಅತ್ತೆ ಒಳಗಿನಿಂದ, “ಜನ ಏನಾರ ಅಂದ್ಕೊಳ್ಳಲಿ. ಮಗ ಏನಂತು ಅಂತ ಕೇಳ್ದಾ ನೀನು?” ಅಂದರು. ನಮ್ಮ ಕಡೆ ಹೆಣ್ಣುಮಗುವನ್ನೂ ‘ಮಗ’ ಅಂತಲೇ ಅನ್ನುವುದು. ಯಜಮಾನರು ಸುಮ್ಮನಾದರು. ಸಂಜೆ ಫೋನು ಮಾಡಿ, ಎರಡು ವರ್ಷ ಕಳೆಯಲಿ ಎಂದು ಹೇಳಿದರು. ಆ ಕಡೆಯವರು ಕಾಯುವುದಿಲ್ಲ ಅಂದರು. ಸಂಬಂಧ ತಪ್ಪಿತು. ತಪ್ಪಿದ್ದಕ್ಕೆ ಬೇಸರವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಈಗ ಮಗಳು ಬಿ.ಎಡ್. ಸೇರಿದ್ದಾಳೆ. ಬೆಳಗ್ಗೆ ಡಬ್ಬಿ ಕಟ್ಟಿಕೊಡುವಾಗ ಒಮ್ಮೊಮ್ಮೆ ಆ ಹುಡುಗನ ಸಂಬಳ ನೆನಪಾಗುತ್ತದೆ. ಅವಳ ಮುಖ ನೋಡಿದಾಗ ಮರೆತುಹೋಗುತ್ತದೆ.

ನೀವೂ ಓದಿ ನೋಡಿ

ಓದುಗ ಸೋದರಿಯರೇ, ‘ಚಿದಂಬರ ರಹಸ್ಯ’ವನ್ನು ಖಂಡಿತ ಓದಿ. ಕೊರತೆಯಿದೆ ಎಂದು ಬಿಡುವಂಥ ಪುಸ್ತಕವಲ್ಲ ಅದು. ಕೊರತೆಯ ಮಾತಿನಿಂದಲೇ ನಮಗೆ ಹೆಚ್ಚು ಲಾಭವಾಯಿತು. ಒಬ್ಬರೇ ಓದಬೇಡಿ, ನಾಲ್ಕು ಜನ ಸೇರಿ ಓದಿ. ಒಂದೇ ಪ್ರತಿ ಸಾಕು, ಕೈಯಿಂದ ಕೈಗೆ ಹೋಗಲಿ. ಓದು ಬಾರದ ಹಿರಿಯರಿದ್ದರೆ ದಿನಕ್ಕೆ ಅರ್ಧ ಗಂಟೆ ಓದಿ ಹೇಳಿ. ಅವರು ಕೇಳುವ ಪ್ರಶ್ನೆಗಳು ವಿಮರ್ಶಕರಿಗೂ ಹೊಳೆಯುವುದಿಲ್ಲ. ಮೊದಲು ಚೆನ್ನಾಗಿದ್ದದ್ದನ್ನು ಹೇಳಿ, ಆಮೇಲೆ ಹಿಡಿಸದ್ದನ್ನು. ಯಾಕೆ ಹಿಡಿಸಲಿಲ್ಲ ಅನ್ನುವುದಕ್ಕೆ ನಿಮ್ಮ ಬದುಕಿನಿಂದಲೇ ಒಂದು ಉದಾಹರಣೆ ಕೊಡಿ. ಮನೆಯ ಹೆಣ್ಣುಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಸ್ತಕದ ನೆಪದಲ್ಲಿ ಬರುವ ಮಾತು ಬರಿಗೈಯಲ್ಲಿ ಕೇಳಿದರೆ ಬರುವುದಿಲ್ಲ.

ಈ ಸಲ ಭರಣಿ ಮಳೆಗೆ ಯಾವ ಪುಸ್ತಕ ಎಂದು ಅತ್ತೆಯವರು ಈಗಲೇ ಕೇಳುತ್ತಿದ್ದಾರೆ. ‘ಶರಪಂಜರ’ವನ್ನು ತೆಗೆದಿಟ್ಟಿದ್ದೇನೆ. ಸಿನಿಮಾ ಅವರು ನೋಡಿದ್ದಾರೆ. “ಅದ್ರಲ್ಲಿ ಆ ಹೆಣ್ಣು ಏನಂದ್ಲು ಅಂತ ನನಗೆ ಗೊತ್ತು ಬುಡು” ಅಂದರು. ಆದರೂ ಓದು, ಕೇಳುತ್ತೇನೆ ಅಂದಿದ್ದಾರೆ.